ಬೇಡದ ಅಪ್ಡೇಟ್ ನಲವತ್ಮೂರು, ಬೇಕಾದದ್ದು ಸೊನ್ನೆ

ಬೆಳಿಗ್ಗೆ ನಮ್ಮ ಮೆಡಿಕಲ್ ಕಾಲೇಜಿನ ಗ್ರಂಥಾಲಯದ ಬಾಗಿಲು ತೆಗೆಸಿ ಕಂಪ್ಯೂಟರಿನ ಮುಂದೆ ಕುಳಿತರೆ 43 ಮೇಲ್. ಎಂದೂ ಎಣಿಸುವವಳಲ್ಲ, ಇವತ್ತು ಎಣಿಸುವಷ್ಟು ಸಿಟ್ಟು ಬಂದಿತ್ತು. ಹನ್ನೊಂದರ ತಲೆಯ ಮೇಲೆ ‘ಮಹತ್ವದ ಅಪ್ಡೇಟ್’ ಎಂದಿದೆ. ಏನಪ್ಪಾ ಮಹತ್ವ ಎಂದು ತೆರೆದರೆ, ಒಬ್ಬ ಪ್ರಕಾಶಕರು ತಮ್ಮ ಲಾಂಛನದ ಬಣ್ಣ ಬದಲಾಯಿಸಿದ್ದಾರೆ. ಇನ್ನೊಬ್ಬರು ‘ಗ್ರಂಥಪಾಲಕರ ಸಬಲೀಕರಣ’ಕ್ಕೆ ವೆಬಿನಾರ್ ಇಟ್ಟುಕೊಂಡಿದ್ದಾರೆ, ಲಂಡನ್ನಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ. ನಮಗದು ರಾತ್ರಿ ಎಂಟೂವರೆ, ಒಲೆಯ ಮೇಲೆ ಕುಕ್ಕರ್ ಕೂಗುವ ಹೊತ್ತು. ಮತ್ತೊಬ್ಬ ಮಹಾನುಭಾವ ನನ್ನನ್ನು ‘ಪೂಜ್ಯ ಡಾಕ್ಟರ್ ಲೈಬ್ರರಿ’ ಎಂದು ಸಂಬೋಧಿಸಿ, ದಂತವೈದ್ಯಕೀಯದ ಬಗ್ಗೆ ನಾಲ್ಕು ದಿನದೊಳಗೆ ಒಂದು ಸಂಶೋಧನಾ ಲೇಖನ ಕಳಿಸಿಕೊಡಿ, ಕೂಡಲೇ ಪ್ರಕಟಿಸುತ್ತೇವೆ ಎಂದು ಬೇಡಿಕೊಂಡಿದ್ದಾನೆ. ಶುಲ್ಕ ಮಾತ್ರ ಡಾಲರಿನಲ್ಲಿ.

ಇಷ್ಟೆಲ್ಲ ಹೇಳುವ ಬಾಯಿಗಳಿದ್ದೂ ನನಗೆ ಬೇಕಾಗಿದ್ದ ಒಂದೇ ಒಂದು ಸಾಲನ್ನು ಯಾರೂ ಬರೆಯಲಿಲ್ಲ.

ಹೋದ ವಾರದ ಮಾತು. ಅರಿವಳಿಕೆ ವಿಭಾಗದ ಎರಡನೇ ವರ್ಷದ ಪಿ.ಜಿ. ಹುಡುಗನೊಬ್ಬ ಮುಖ ಕೆಂಪಗೆ ಮಾಡಿಕೊಂಡು ನನ್ನ ಕೌಂಟರಿಗೆ ಬಂದ. ಶಸ್ತ್ರಚಿಕಿತ್ಸೆಯಾದ ಮೇಲೆ ರೋಗಿಗಳಿಗೆ ಬರುವ ವಾಂತಿಯನ್ನು ತಡೆಯುವ ಗ್ರಾನಿಸೆಟ್ರಾನ್ ಎಂಬ ಔಷಧದ ಮೇಲೆ ಅವನ ಪ್ರಬಂಧ. ಕರಡಿನ ಉಲ್ಲೇಖಗಳಲ್ಲಿ ಜಪಾನಿನ ಅರಿವಳಿಕೆ ವೈದ್ಯ ಯೋಶಿತಾಕಾ ಫುಜಿಯ ಐದು ಲೇಖನಗಳಿದ್ದವು. ಗೈಡ್ ಐದನ್ನೂ ಹೊಡೆದುಹಾಕಿ, ‘ಈ ಮನುಷ್ಯನ ಕಥೆ ಗೊತ್ತಿಲ್ಲವೇ? ನಿಮ್ಮ ಲೈಬ್ರರಿಯಲ್ಲಿ ಇದನ್ನೆಲ್ಲ ಹೇಳುವವರಿಲ್ಲವೇ?’ ಎಂದು ಎಲ್ಲರೆದುರು ಉಗಿದಿದ್ದಾರೆ. ‘ಮೇಡಂ, ಇದು ನಮ್ಮ ಲೈಬ್ರರಿಯಿಂದಲೇ ಇಳಿಸಿಕೊಂಡದ್ದು’ ಎಂದು ಅವನು ಪ್ರಿಂಟ್ ತೆಗೆದು ನನ್ನ ಮೇಜಿನ ಮೇಲೆ ಇಟ್ಟ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ. ಆ ಕೊತ್ತಿ ನಾನು.

ಫುಜಿಯ ಕಥೆ ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. ಆತನ ಲೇಖನಗಳಲ್ಲಿರುವಷ್ಟು ಅಚ್ಚುಕಟ್ಟಾದ ಅಂಕಿಗಳು ನಿಜವಾದ ರೋಗಿಗಳಿಂದ ಬರುವುದು ಹೆಚ್ಚುಕಡಿಮೆ ಅಸಾಧ್ಯ ಎಂದು 2012ರಲ್ಲಿ ಬ್ರಿಟನ್ನಿನ ಅರಿವಳಿಕೆ ವೈದ್ಯ ಜಾನ್ ಕಾರ್ಲೈಲ್ ಲೆಕ್ಕ ಹಾಕಿ ತೋರಿಸಿದರು. ಅದೇ ವರ್ಷ ಜಪಾನಿನ ಅರಿವಳಿಕೆ ತಜ್ಞರ ಸಂಘ ತನಿಖೆ ನಡೆಸಿ, ಆತನ 172 ಲೇಖನಗಳಲ್ಲಿ ದತ್ತಾಂಶ ಕಟ್ಟುಕಥೆ ಎಂದು ಹೇಳಿತು. ಅವುಗಳಲ್ಲಿ ಎಷ್ಟೋ ಇದೇ ವಾಂತಿ ತಡೆಯುವ ಔಷಧಗಳ ಮೇಲೆ ಬರೆದವು. ಒಂದೊಂದಾಗಿ ಜರ್ನಲ್‌ಗಳು ಅವನ್ನು ಹಿಂತೆಗೆದುಕೊಂಡವು. ನಮ್ಮ ಹುಡುಗನ ಕೈಯಲ್ಲಿದ್ದ ಪ್ರತಿಯ ಅಂಚಿನಲ್ಲಿ ಇಳಿಸಿಕೊಂಡ ದಿನಾಂಕ ಇತ್ತು: 2011. ಯಾವನೋ ಹಿರಿಯ ವಿದ್ಯಾರ್ಥಿ ಇಳಿಸಿಕೊಂಡದ್ದು, ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ, ಬ್ಯಾಚಿನಿಂದ ಬ್ಯಾಚಿಗೆ ಪಿತ್ರಾರ್ಜಿತ ಆಸ್ತಿಯಂತೆ ಹಾಸ್ಟೆಲಿನಲ್ಲಿ ಉಳಿದುಬಂದಿದೆ. ಲೇಖಕನ ಮಾನ ಹೋದದ್ದು ಆ ಪಿಡಿಎಫ್‌ಗೆ ಗೊತ್ತಿಲ್ಲ.

ಪ್ರಕಾಶಕರು ಸುಮ್ಮನಿದ್ದರು ಎನ್ನುವುದಿಲ್ಲ. ತಮ್ಮ ಜಾಲತಾಣದಲ್ಲಿ ಗುರುತು ಹಾಕುತ್ತಾರೆ. ಆದರೆ ಒಮ್ಮೆ ಇಳಿಸಿಕೊಂಡವನು ಅದೇ ಪುಟಕ್ಕೆ ಮತ್ತೆ ಏಕೆ ಹೋಗುತ್ತಾನೆ? ನನ್ನ ಸಿಟ್ಟು ಇರುವುದು ಇಲ್ಲಿ. ನಮ್ಮ ಕಾಲೇಜಿನಿಂದ ಯಾವ ಜರ್ನಲ್‌ನ ಲೇಖನಗಳು ಎಷ್ಟು ಬಾರಿ ಇಳಿದವು ಎಂಬ ಲೆಕ್ಕ ಇವರ ಬಳಿ ತಿಂಗಳು ತಿಂಗಳಿನದೂ ಇದೆ. ಕೌಂಟರ್ ವರದಿ ಎಂದು ಅದಕ್ಕೆ ಹೆಸರು. ಚಂದಾ ಏರಿಸುವ ಕಾಲ ಬಂದಾಗ ಅದನ್ನೇ ಬಣ್ಣಬಣ್ಣದ ಚಿತ್ರ ಮಾಡಿಕೊಂಡು ಬಂದು, ‘ನೋಡಿ ಮೇಡಂ, ನಿಮ್ಮವರು ಎಷ್ಟು ಬಳಸಿದ್ದಾರೆ’ ಎಂದು ಪ್ರಾಂಶುಪಾಲರ ಮುಂದೆ ಹರಡುತ್ತಾರೆ. ಬಿಲ್ ಮಾಡುವುದಕ್ಕೆ ಇಷ್ಟು ಲೆಕ್ಕ ಇಟ್ಟವರಿಗೆ, ‘ನಿಮ್ಮವರು ಓದಿದ ಇಂಥ ಲೇಖನ ಸುಳ್ಳೆಂದು ತೀರ್ಮಾನವಾಗಿದೆ’ ಎಂದು ಒಂದು ಸಾಲು ಬರೆಯಲು ಏನು ರೋಗ?

ಕೆಳಗಿನ ಅಂತಸ್ತಿನಲ್ಲೇ ಆಸ್ಪತ್ರೆಯ ಔಷಧಾಲಯ ಇದೆ. ಗುಣಮಟ್ಟದ ಪರೀಕ್ಷೆಯಲ್ಲಿ ಸೋತ ಔಷಧಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳೂ ಬ್ಯಾಚ್ ಸಂಖ್ಯೆಯ ಸಮೇತ ಹೊರಡಿಸುತ್ತದೆ. ಔಷಧಾಲಯದವರು ನೋಡಿ ಆ ಸ್ಟ್ರಿಪ್‌ಗಳನ್ನು ಕಪಾಟಿನಿಂದ ತೆಗೆಯುತ್ತಾರೆ. ಹತ್ತು ರೂಪಾಯಿಯ ಮಾತ್ರೆಗೆ ಇರುವ ಈ ಶಿಸ್ತು, ಆ ಮಾತ್ರೆಯನ್ನು ಯಾರಿಗೆ ಎಷ್ಟು ಕೊಡಬೇಕು ಎಂದು ಹೇಳುವ ಲೇಖನಕ್ಕೆ ಇಲ್ಲ.

ಕಾಗದದ ಸಂಪುಟಗಳ ಪಾಡು ಇನ್ನೂ ಕೆಟ್ಟದು. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿ ಜಗತ್ತನ್ನೇ ಹೆದರಿಸಿದ ಆ ಕುಖ್ಯಾತ ಲೇಖನ ಬ್ರಿಟನ್ನಿನ ವೈದ್ಯಕೀಯ ಜರ್ನಲ್ ದಿ ಲ್ಯಾನ್ಸೆಟ್‌ನಲ್ಲಿ ಬಂದದ್ದು 1998ರ ಫೆಬ್ರುವರಿಯಲ್ಲಿ, 351ನೇ ಸಂಪುಟದ 637ನೇ ಪುಟದಲ್ಲಿ. ಹನ್ನೆರಡು ಮಕ್ಕಳನ್ನು ನೋಡಿ ಬರೆದದ್ದು. ಹಿಂತೆಗೆದುಕೊಂಡದ್ದು 2010ರಲ್ಲಿ, ಹನ್ನೆರಡು ವರ್ಷ ಬಿಟ್ಟು. ನಮ್ಮ ಹಳೆಯ ವಿಭಾಗದಲ್ಲಿ ಆ ಸಂಪುಟ ಚಿನ್ನದ ಅಕ್ಷರದ ಬೈಂಡಿನಲ್ಲಿ ಈಗಲೂ ಗೌರವಾನ್ವಿತವಾಗಿ ನಿಂತಿದೆ. ನಿನ್ನೆ ಸಂಜೆ ಹೋಗಿ, ಆ ಪುಟದ ನೆತ್ತಿಯ ಮೇಲೆ ‘ಹಿಂತೆಗೆದುಕೊಳ್ಳಲಾಗಿದೆ, 2010’ ಎಂದು ಕೆಂಪು ಪೆನ್ಸಿಲಿನಲ್ಲಿ ಬರೆದೆ. ಪುಸ್ತಕದ ಮೇಲೆ ಗೀಚಿದವರಿಗೆ ಐವತ್ತು ರೂಪಾಯಿ ದಂಡ ಹಾಕುವವಳೂ ನಾನೇ.

ಇನ್ನು ಪಠ್ಯಪುಸ್ತಕ. ರಕ್ಷಾಪುಟದ ಮೇಲೆ ‘ಆನ್‌ಲೈನ್ ಅಪ್ಡೇಟ್‌ಗಳು ಉಚಿತ’ ಎಂದು ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಒಳಗೆ ಉಜ್ಜಿ ತೆಗೆಯುವ ಒಂದು ಕೋಡ್. ಗ್ರಂಥಾಲಯ ಹನ್ನೆರಡು ಪ್ರತಿ ಕೊಂಡರೆ ಹನ್ನೆರಡು ಕೋಡ್, ಒಂದು ಕೋಡಿಗೆ ಒಬ್ಬನೇ ಬಳಕೆದಾರ. ಪುಸ್ತಕ ಮೊದಲು ಎರವಲು ಪಡೆದ ಜಾಣ ನಾಣ್ಯದಲ್ಲಿ ಉಜ್ಜಿ ತನ್ನ ಹೆಸರಿಗೆ ಮಾಡಿಕೊಂಡರೆ ಮುಗಿಯಿತು. ಆಮೇಲೆ ಐದು ವರ್ಷ ಅದೇ ಪುಸ್ತಕ ಓದುವ ನೂರಾರು ಮಕ್ಕಳಿಗೆ ಉಳಿಯುವುದು ಬೂದು ಬಣ್ಣದ ಗೀರು. ಗ್ರಂಥಾಲಯಕ್ಕೆಂದೇ ಒಂದು ವ್ಯವಸ್ಥೆ ಮಾಡಿ ಎಂದು ಮಾರಾಟ ಪ್ರತಿನಿಧಿಗೆ ಹೇಳಿದೆ. ಅದಕ್ಕೆ ಬೇರೆ ಉತ್ಪನ್ನ ಇದೆ, ಕೊಟೇಶನ್ ಕಳಿಸಲೇ ಎಂದು ಕೇಳಿದ.

ನಿಜವಾಗಿ ತಿಳಿಸಬೇಕಾದಾಗ ಇವರಷ್ಟು ಮೌನಿಗಳು ಯಾರೂ ಇಲ್ಲ. ಕಳೆದ ಜನವರಿಯಲ್ಲಿ ಒಂದು ಜರ್ನಲ್ ಗುಚ್ಛದ ಬಾಗಿಲು ಮುಚ್ಚಿದ್ದು ನನಗೆ ತಿಳಿದದ್ದು ಮೇಲ್‌ನಿಂದಲ್ಲ, ವಿಭಾಗದ ಮುಖ್ಯಸ್ಥರ ಬೈಗುಳದಿಂದ. ಆಡಳಿತ ಮಂಡಳಿ ಹಣ ಕಳಿಸಿತ್ತು, ಅದು ವಿತರಕನ ಬಳಿಯೇ ಕುಳಿತಿತ್ತು. ಮೊದಲು ಕಾಗದದ ಸಂಚಿಕೆ ತರಿಸುತ್ತಿದ್ದಾಗ ಚಂದಾ ತಪ್ಪಿದರೂ ಹಳೆಯ ಸಂಚಿಕೆ ನಮ್ಮ ರ್‍ಯಾಕಿನಲ್ಲೇ ಇರುತ್ತಿತ್ತು. ಈಗ ಕಳೆದ ವರ್ಷ ದುಡ್ಡು ಕೊಟ್ಟು ಓದಿದ್ದಕ್ಕೂ ಬೀಗ. ತುರ್ತಾಗಿ ಬೇಕಾದರೆ ಬಿಡಿ ಲೇಖನಕ್ಕೆ ಮೂವತ್ತು ನಲವತ್ತು ಡಾಲರ್ ಕೊಡಿ ಎನ್ನುತ್ತದೆ ತೆರೆ.

‘ಈಗ ಒಂದು ರಾಷ್ಟ್ರ ಒಂದು ಚಂದಾ ಬಂದಿದೆಯಲ್ಲ, ಎಲ್ಲ ಪುಕ್ಕಟೆಯಲ್ಲವೇ?’ ಎಂದು ಲೆಕ್ಕಪತ್ರ ವಿಭಾಗದವರು ಪ್ರತಿ ಸಲ ಕೇಳುತ್ತಾರೆ. ಜರ್ನಲ್‌ಗಳ ಚಂದಾವನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ ಅದು. 2025, 2026, 2027 ಈ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, ನಿಜ. ಆದರೆ ಅದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ. ನಮ್ಮದು ಖಾಸಗಿ ಟ್ರಸ್ಟಿನ ಕಾಲೇಜು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹೆಲಿನೆಟ್ ಎಂಬ ಡಿಜಿಟಲ್ ಗ್ರಂಥಾಲಯ ಜಾಲ ಇರುವುದರಿಂದ ಉಸಿರಾಡುತ್ತಿದ್ದೇವೆ ಎಂದು ಎಷ್ಟು ಸಲ ಹೇಳಲಿ?

ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ನನಗೆ ಬೇಕಾದ ಮಾಹಿತಿಯನ್ನು ಕೊಟ್ಟವರೆಲ್ಲ ನಯಾ ಪೈಸೆ ಕೇಳದವರು. ವೈದ್ಯಕೀಯ ಲೇಖನ ಹುಡುಕುವ ಪಬ್‌ಮೆಡ್ ಜಾಲತಾಣ ಹಿಂತೆಗೆದ ಲೇಖನದ ನೆತ್ತಿಯ ಮೇಲೆ ಎದ್ದು ಕಾಣುವಂತೆ ಪಟ್ಟಿ ಹಾಕುತ್ತದೆ. ಹಿಂತೆಗೆದ ಲೇಖನಗಳ ಮೇಲೆ ಕಣ್ಣಿಡುವ ರಿಟ್ರ್ಯಾಕ್ಷನ್ ವಾಚ್‌ನ ಪಟ್ಟಿ 2023ರಿಂದ ಎಲ್ಲರಿಗೂ ಮುಕ್ತವಾಗಿದೆ. ಉಲ್ಲೇಖ ಜೋಡಿಸಿಕೊಳ್ಳುವ ಜೊಟೆರೊ ಎಂಬ ಉಚಿತ ತಂತ್ರಾಂಶ ಇಂಥ ಲೇಖನವನ್ನು ಕೆಂಪು ಗುರುತು ಹಾಕಿ ತೋರಿಸುತ್ತದೆ. ಲಕ್ಷಾಂತರ ರೂಪಾಯಿ ಕಟ್ಟಿಸಿಕೊಂಡವರು ನನಗೆ ಕಳಿಸಿದ್ದು ಲಾಂಛನದ ಬಣ್ಣ.

ಆ ಹುಡುಗ ಹಾಸ್ಟೆಲಿನ ಪೆನ್‌ಡ್ರೈವ್ ತಂದುಕೊಟ್ಟಿದ್ದಾನೆ. ಒಟ್ಟು 612 ಪಿಡಿಎಫ್. ಜೊಟೆರೊಗೆ ಹಾಕಿದಾಗ ಹೆಚ್ಚಿನವು ಯಾವ ಲೇಖನ ಎಂದು ಅದಕ್ಕೆ ತಾನಾಗಿಯೇ ಗೊತ್ತಾಯಿತು. ಹಳೆಯ ಸ್ಕ್ಯಾನ್ ಪ್ರತಿಗಳನ್ನು ಮಾತ್ರ ಒಂದೊಂದಾಗಿ ಕೈಯಾರೆ ಹುಡುಕಬೇಕು. ಇವತ್ತು ಸಂಜೆ ಐದೂವರೆಯವರೆಗೆ ಕುಳಿತೆವು, ಅವನು ಓದಿ ಹೇಳಿದ, ನಾನು ಹುಡುಕಿದೆ. ಫುಜಿಯದಲ್ಲದೆ ಬೇರೆಯವರ ಹಿಂತೆಗೆದ ಲೇಖನ ಇನ್ನೂ ಏಳು ಸಿಕ್ಕಿವೆ. ನೂರರ ಹತ್ತಿರ ಬಾಕಿ ಇವೆ.