ಅಕ್ಕ ಬರೆದ ಸೋಡಚೀಟಿ

ಗಂಡ ಹೆಂಡಿರ ನಡುವೆ ಸೋಡಚೀಟಿಯಾಗುವುದನ್ನು ಕಂಡಿದ್ದೇವೆ, ಅಣ್ಣತಮ್ಮಂದಿರು ಪಾಲುಪತ್ರ ಬರೆಸಿಕೊಂಡು ಹಿತ್ತಿಲಿಗೆ ಗೋಡೆ ಎಬ್ಬಿಸುವುದನ್ನೂ ಕಂಡಿದ್ದೇವೆ. ಆದರೆ ಸೋದರಿಗೆ ಸೋಡಚೀಟಿ ಕಳಿಸುವ ಕ್ರಮವನ್ನು ತೋರಿಸಿಕೊಟ್ಟ ಕೀರ್ತಿ ಜಪಾನಿನ ಒಸಾಕಾದ ಮೇಯರಿಗೆ ಸಲ್ಲಬೇಕು. 2018ರ ಅಕ್ಟೋಬರಿನಲ್ಲಿ ಹಿರೋಫುಮಿ ಯೊಶಿಮುರಾ ಅವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಮೇಯರಿಗೆ ಹತ್ತು ಪುಟಗಳ ಪತ್ರ ಬರೆದು, 1957ರಿಂದ ನಡೆದುಬಂದಿದ್ದ ಸೋದರಿ ನಗರಗಳ ನಂಟು, ಅಂದರೆ ಎರಡು ದೇಶಗಳ ಊರುಗಳು ಮಾಡಿಕೊಳ್ಳುವ ಸ್ನೇಹದ ಒಪ್ಪಂದ, ಅಲ್ಲಿಗೆ ಮುಗಿಯಿತೆಂದು ತಿಳಿಸಿದರು. ಎರಡೂ ಬಂದರು ನಗರಗಳೇ. ವಯಸ್ಸಿನ ಲೆಕ್ಕದಲ್ಲಿ ಒಸಾಕಾವೇ ಅಕ್ಕ.

ಅಕ್ಕನಿಗೆ ಸಿಟ್ಟು ಬಂದದ್ದು ತಂಗಿಯ ಅಂಗಳದ ಒಂದು ಪ್ರತಿಮೆಯಿಂದ. ಸೇಂಟ್ ಮೇರೀಸ್ ಚೌಕದಲ್ಲಿ 2017ರಲ್ಲಿ ಅನಾವರಣಗೊಂಡ ಅದರಲ್ಲಿ ಚೀನಾ, ಕೊರಿಯಾ, ಫಿಲಿಪೀನ್ಸ್‌ಗಳ ಮೂವರು ಹುಡುಗಿಯರು ಪೀಠದ ಮೇಲೆ ಕೈ ಕೈ ಹಿಡಿದು ನಿಂತಿದ್ದಾರೆ. ಕೆಳಗೆ ನೆಲದ ಮೇಲೆ ನಿಂತ ಅಜ್ಜಿಯೊಬ್ಬಳು ತಲೆಯೆತ್ತಿ ಅವರನ್ನೇ ನೋಡುತ್ತಾಳೆ. ಆಕೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಸೇನೆ ತನ್ನನ್ನು ಲೈಂಗಿಕ ಗುಲಾಮಗಿರಿಗೆ ದೂಡಿದ ಕಥೆಯನ್ನು 1991ರಲ್ಲಿ ಬಹಿರಂಗವಾಗಿ ಹೇಳಿದ ಕಿಮ್ ಹಾಕ್ ಸುನ್. ಇಂಥ ಹೆಣ್ಣುಮಕ್ಕಳನ್ನು ಕಡತಗಳು 'ಸಾಂತ್ವನದ ಮಹಿಳೆಯರು' ಎಂದು ಕರೆಯುತ್ತವೆ. ಸಾಂತ್ವನ ಯಾರಿಗಾಯಿತೆಂದು ಕಡತವನ್ನು ಕೇಳುವ ಹಾಗಿಲ್ಲ. ಮಾತಾಡಿದ ಮನುಷ್ಯರನ್ನು ಹೇಗೋ ಸಹಿಸಿಕೊಂಡ ಅಧಿಕಾರಕ್ಕೆ ಮಾತಾಡದ ಕಂಚನ್ನು ಸಹಿಸುವುದು ಕಷ್ಟವಾಯಿತು, ಪರಸ್ಪರ ನಂಬಿಕೆ ನಾಶವಾಯಿತೆಂಬ ಷರಾ ಬಿತ್ತು.

ತಂಗಿಯಾದರೋ ಹೂತದ್ದರ ಮೇಲೆಯೇ ಸಂಸಾರ ಹೂಡಿದವಳು. 1849ರ ಚಿನ್ನದ ಹುಚ್ಚಿನಲ್ಲಿ ಬಂದ ನಾವಿಕರು ಹಡಗುಗಳನ್ನು ಬಂದರಿನಲ್ಲೇ ಬಿಟ್ಟು ಗಣಿಗಳ ಕಡೆ ಓಡಿದಾಗ, ಊರು ಅವುಗಳಲ್ಲಿ ಎಷ್ಟನ್ನೋ ಮಣ್ಣಿನಡಿ ಸೇರಿಸಿ ಮೇಲೆ ಬೀದಿ ಹಾಕಿತು. ಇಂದಿಗೂ ಪಾಯ ತೋಡುವವರಿಗೆ ಹಡಗಿನ ಹಲಗೆ ಸಿಗುವುದುಂಟು. ಹೂತದ್ದು ಎಂದಾದರೂ ಮೇಲೆ ಬರುತ್ತದೆಂಬ ವಿಷಯದಲ್ಲಿ ಈ ಊರಿಗಿರುವ ಅನುಭವ ಅಕ್ಕನಿಗಿದ್ದಂತಿಲ್ಲ. ಆಗಿನ ಮೇಯರ್ ಲಂಡನ್ ಬ್ರೀಡ್ ಅವರು, ಎರಡು ಊರುಗಳ ಜನರ ನಡುವಿನ ಸಂಬಂಧವನ್ನು ಒಬ್ಬ ಮೇಯರ್ ಏಕಪಕ್ಷೀಯವಾಗಿ ಮುಗಿಸಲಾಗದು ಎಂದು ಉತ್ತರಿಸಿದರು. ಹೀಗೆ ಒಂದು ದಡದಲ್ಲಿ ಮುಗಿದ ನಂಟು ಇನ್ನೊಂದು ದಡದಲ್ಲಿ ಮುಂದುವರಿಯಿತು.

ಇದೇ ಸ್ಯಾನ್ ಫ್ರಾನ್ಸಿಸ್ಕೊಗೆ ನಮ್ಮ ಬೆಂಗಳೂರೂ ಸೋದರಿ ನಗರವೇ. ಸಮುದ್ರವಿಲ್ಲ, ಬಂದರಿಲ್ಲ, ಕುಡಿಯುವ ಕಾವೇರಿಯೂ ದೂರದಿಂದ ಕೊಳವೆಯಲ್ಲಿ ಏರಿಬರಬೇಕು. ಆದರೂ ನಾವು ಹತ್ತು ಪುಟ ಬರೆದು ಸಂಬಂಧ ಕಡಿದುಕೊಳ್ಳುವವರಲ್ಲ, ಏಕೆಂದರೆ ಕಡಿಯುವುದಕ್ಕಾದರೂ ಸಂಬಂಧ ಇರುವುದು ನೆನಪಿರಬೇಕಲ್ಲ.

ಅಂದ ಹಾಗೆ, 1860ರಲ್ಲಿ ಶಾಂತಸಾಗರ ದಾಟಿ ಬಂದ ಜಪಾನಿನ ಕಾನ್ರಿನ್ ಮಾರು ಹಡಗಿನ ಸ್ಮಾರಕವೊಂದು ಸ್ಯಾನ್ ಫ್ರಾನ್ಸಿಸ್ಕೊದ ಲಿಂಕನ್ ಪಾರ್ಕಿನಲ್ಲಿದೆ. 1960ರಲ್ಲಿ ಅದನ್ನು ಉಡುಗೊರೆಯಾಗಿ ಕೊಟ್ಟದ್ದು ಒಸಾಕಾ. ಕಲ್ಲಿನ ಮೇಲೆ 'ಸೋದರಿ ನಗರ' ಎಂದು ಕೆತ್ತಿದೆ.