ನಾನು ಅಳಿಸಿದ ಒಂದು ಸಾಲು

ಸುಮ್ನೆ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಆವತ್ತು ಕೆಲಸ ಕಮ್ಮಿ ಇತ್ತು, ಮೇಲ್ ಸರ್ವರ್‌ನ ಹೋಸ್ಟ್ಸ್ ಫೈಲ್, ಅಂದರೆ ಯಂತ್ರಗಳ ಹೆಸರು-ವಿಳಾಸ ಬರೆದಿಟ್ಟ ಪಟ್ಟಿ, ತೆಗೆದು ನೋಡಿದೆ. ಒಂದು ಸಾಲಿನಲ್ಲಿ ನಮ್ಮ ಎಲ್‌ಡ್ಯಾಪ್ ಡೈರೆಕ್ಟರಿ ಸರ್ವರ್‌ನ (ಯಾರ ಮೇಲ್ ವಿಳಾಸ ಏನು ಅಂತ ಮೇಲ್ ಸರ್ವರ್ ಕೇಳುವುದು ಇದನ್ನೇ) ಐಪಿ ವಿಳಾಸ, ಪಕ್ಕದಲ್ಲಿ ಅದರ ಹೆಸರು. ಹೆಸರು ಕೊಟ್ಟರೆ ವಿಳಾಸ ಹೇಳುವ ಡಿಎನ್‌ಎಸ್ ಇರುವಾಗ ಇದು ಯಾಕೆ ಬೇಕು? ಅಳಿಸಿದೆ. ಯಾರು ಬರೆದರೋ, ಯಾಕೆ ಬರೆದರೋ, ಒಂದು ಟಿಪ್ಪಣಿಯೂ ಇರಲಿಲ್ಲ. (ಬರೆದವನು ನಾನೇ ಅಂತ ಆಮೇಲೆ ಗೊತ್ತಾಯಿತು.)

1983ರಲ್ಲಿ ಡಿಎನ್‌ಎಸ್ ಹುಟ್ಟುವ ಮುಂಚೆ ಇಂಟರ್ನೆಟ್‌ನ ಪೂರ್ವಜ ಅರ್ಪಾನೆಟ್‌ನ ಯಂತ್ರಗಳ ಹೆಸರೆಲ್ಲ ಒಂದೇ ಫೈಲಿನಲ್ಲಿದ್ದವು. ಎಲ್ಲರೂ ಅದನ್ನೇ ಇಳಿಸಿಕೊಳ್ಳುತ್ತಿದ್ದರು. ನಮ್ಮ ಹೋಸ್ಟ್ಸ್ ಫೈಲ್ ಅದೇ ವಂಶದ್ದು. ಹಿರಿಯರು ಅಂತ ಸ್ವಲ್ಪ ಗೌರವ ಕೊಡಬೇಕಿತ್ತು.

ಒಂದು ಗಂಟೆ ಏನೂ ಆಗಲಿಲ್ಲ, ಹಳೆಯ ಸಂಪರ್ಕಗಳು ಇನ್ನೂ ಜೀವಂತ ಇದ್ದವು. ಅವು ಒಂದೊಂದಾಗಿ ಕಳಚಿಕೊಂಡ ಮೇಲೆ ಫೋನ್ ಶುರುವಾಯಿತು. ಮೇಲ್ ಬರುತ್ತಿಲ್ಲ. ಲಾಗ್ ನೋಡಿದರೆ ಸಾಲುಸಾಲು 451, ಟೆಂಪರರಿ ಲುಕಪ್ ಫೇಲ್ಯೂರ್, ಅಂದರೆ ಹುಡುಕಿದ್ದು ಸದ್ಯಕ್ಕೆ ಸಿಗುತ್ತಿಲ್ಲ. 'ಟೆಂಪರರಿ' ಅನ್ನುವ ಮಾತೊಂದೇ ಸಮಾಧಾನ. 4ರಿಂದ ಶುರುವಾಗುವ ಉತ್ತರ ಬಂದರೆ ಕಳಿಸುವ ಸರ್ವರ್ ಮೇಲನ್ನು ಎಸೆಯುವುದಿಲ್ಲ, ಇಟ್ಟುಕೊಂಡು ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. 5 ಅಂದರೆ ಖಾಯಂ ನಿರಾಕರಣೆ, ಅದಾಗಿದ್ದರೆ ನನ್ನ ಕಥೆ ಬೇರೆ ಇತ್ತು.

ಡಿಗ್ ಅನ್ನುವ ಕಮಾಂಡ್ ಹಾಕಿ ಡೈರೆಕ್ಟರಿ ಸರ್ವರ್‌ನ ಹೆಸರು ಕೇಳಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸರಿಯಾದ ವಿಳಾಸ ಬಂತು. ಗೆಟೆಂಟ್ ಅನ್ನುವ ಇನ್ನೊಂದು ಕಮಾಂಡ್ ಹಾಕಿ ಅದೇ ಹೆಸರು ಕೇಳಿದೆ. ಕರ್ಸರ್ ಮಿಣಮಿಣ ಅಂತಿತ್ತು, ಉತ್ತರ ಇಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಡಿಗ್ ನೇರ ಡಿಎನ್‌ಎಸ್ ಮನೆಗೇ ಹೋಗುತ್ತದೆ. ಗೆಟೆಂಟ್ ಎನ್‌ಎಸ್‌ಸ್ವಿಚ್ ಫೈಲ್ ಹೇಳಿದ ದಾರಿಯಲ್ಲೇ ನಡೆಯುತ್ತದೆ. ಆ ಫೈಲಿನಲ್ಲಿ ಹೆಸರು ಹುಡುಕುವ ಸರದಿ ಹೀಗಿತ್ತು: ಮೊದಲು ಹೋಸ್ಟ್ಸ್ ಫೈಲ್, ಆಮೇಲೆ ಎಲ್‌ಡ್ಯಾಪ್, ಕೊನೆಗೆ ಡಿಎನ್‌ಎಸ್.

ಅಂದರೆ ಎಲ್‌ಡ್ಯಾಪ್ ಸರ್ವರ್‌ನ ವಿಳಾಸ ಬೇಕಾದರೆ ಎಲ್‌ಡ್ಯಾಪನ್ನೇ ಕೇಳಬೇಕು. ಕೇಳಬೇಕಾದರೆ ಅದರ ವಿಳಾಸ ಬೇಕು. ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ! ನಾನು ಅಳಿಸಿದ ಸಾಲು ಹೊರಗೆ ನೇತುಹಾಕಿದ್ದ ಇನ್ನೊಂದು ಬೀಗದ ಕೈ ಆಗಿತ್ತು.

ಆ ಸಾಲನ್ನು ವಾಪಸ್ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ 'ಸರಿಯಾಗಿ' ಸರಿಮಾಡುವ ಚಟ. ಎನ್‌ಎಸ್‌ಸ್ವಿಚ್‌ನ ಆ ಸರದಿಯಿಂದ ಎಲ್‌ಡ್ಯಾಪ್ ತೆಗೆದುಹಾಕಿದೆ. ಗೆಟೆಂಟ್ ತಕ್ಷಣ ಬಾಯಿ ಬಿಟ್ಟಿತು. ನಮ್ಮ ಮೇಲ್ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್‌ನದೇ ಪೋಸ್ಟ್‌ಮ್ಯಾಪ್ ಕಮಾಂಡ್ ಹಾಕಿ ಡೈರೆಕ್ಟರಿಯಲ್ಲಿ ಒಬ್ಬರ ವಿಳಾಸ ಕೇಳಿದೆ, ಅದೂ ಬಂತು. ಪೋಸ್ಟ್‌ಫಿಕ್ಸನ್ನು ರೀಲೋಡ್ ಮಾಡಿ, 'ಸರಿಹೋಯ್ತು' ಅಂತ ಎಲ್ಲರಿಗೂ ಮೇಲ್ ಕಳಿಸಿದೆ.

ಹೌದು, ಮೇಲ್ ಕಳಿಸಿದೆ. ಯಾರಿಗೂ ತಲುಪಲಿಲ್ಲ.

ಮುಂದಿನ ಎರಡು ಗಂಟೆಯ ವರ್ಣನೆ ಬೇಡ. ನಾನು ಕೇಳಿದರೆ ಎಲ್ಲ ಸರಿ, ಪೋಸ್ಟ್‌ಫಿಕ್ಸ್ ಕೇಳಿದರೆ 451. ಒಂದೇ ಯಂತ್ರ, ಒಂದೇ ಹೆಸರು! ಕೊನೆಗೆ ನೆನಪಾಯಿತು. ಪೋಸ್ಟ್‌ಫಿಕ್ಸ್‌ನ ಹಲವು ಭಾಗಗಳನ್ನು ಭದ್ರತೆಗಾಗಿ ಕ್ರೂಟ್ ಅನ್ನುವ ಕೋಣೆಯಲ್ಲಿ ಕೂಡಿಹಾಕಿದ್ದೆವು. ಅವುಗಳಿಗೆ ಹೊರಗಿನ ಫೈಲ್ ಕಾಣುವುದಿಲ್ಲ. ಕೋಣೆಯೊಳಗೆ ಹೋಸ್ಟ್ಸ್, ಎನ್‌ಎಸ್‌ಸ್ವಿಚ್ ಎಲ್ಲದರ ನಕಲು ಬೇರೆ ಇರುತ್ತದೆ. ನಮ್ಮಲ್ಲಿ ಹೋಸ್ಟ್ಸ್‌ನ ನಕಲು ತಾನಾಗೇ ಹೊಸದಾಗುತ್ತಿತ್ತು, ಎನ್‌ಎಸ್‌ಸ್ವಿಚ್‌ನದು ಆಗುತ್ತಿರಲಿಲ್ಲ. ನಾನು ಟರ್ಮಿನಲ್‌ನಲ್ಲಿ ಓಡಿಸಿದ ಪೋಸ್ಟ್‌ಮ್ಯಾಪ್ ಕೋಣೆಯ ಹೊರಗಿನದು, ಅದಕ್ಕೇ ನಗುನಗುತ್ತಾ ಉತ್ತರ ಕೊಟ್ಟಿತ್ತು. ಒಳಗಿದ್ದವರು ಮಾತ್ರ ಹಳೆಯ ಸರದಿ ಹಿಡಿದುಕೊಂಡು ಪಾಪ ಇನ್ನೂ ಎಲ್‌ಡ್ಯಾಪನ್ನೇ ಕೇಳುತ್ತಾ ಕೂತಿದ್ದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕಥೆ.

ಎರಡು ಫೈಲ್ ಒಳಗೆ ಕಾಪಿ ಮಾಡಿ ರೀಸ್ಟಾರ್ಟ್ ಮಾಡಿದೆ. ಹೊರಗೆ ಕಾದಿದ್ದ ಮೇಲ್‌ಗಳೆಲ್ಲ ದಬದಬ ಒಳಗೆ ಬಂದವು. ಎರಡು ಗಂಟೆ ಹಳೆಯ ನನ್ನ 'ಸರಿಹೋಯ್ತು' ಕೂಡ ಅವುಗಳ ಜೊತೆಗೇ ಎಲ್ಲರನ್ನೂ ತಲುಪಿತು.

ಮ್ಯಾನೇಜರ್ ಬಂದು ಕೇಳಿದರು, "ಏನಾಗಿತ್ತು?"

ಇಡೀ ಪ್ರಕರಣದಲ್ಲಿ ಮೊದಲಿನಿಂದ ಕೊನೆಯವರೆಗೆ ಸರಿಯಾಗಿ ಉತ್ತರ ಕೊಟ್ಟಿದ್ದು ಡಿಎನ್‌ಎಸ್ ಒಂದೇ.

"ಡಿಎನ್‌ಎಸ್ ಪ್ರಾಬ್ಲಮ್ ಸಾರ್" ಅಂದೆ.

"ಅದು ಯಾವಾಗಲೂ ಹಾಗೇ" ಅಂತ ತಲೆಯಾಡಿಸಿ ಹೋದರು.