ಬಾಲಕಿಯರೇ ಮೇಲುಗೈ, ಸರಿ. ಬಾಲಕರು ಎಲ್ಲಿ?

ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ಪ್ರತಿ ವರ್ಷವೂ ಒಂದೇ ಮಾತು: ‘ಈ ಬಾರಿಯೂ ಬಾಲಕಿಯರೇ ಮೇಲುಗೈ’. ಪಕ್ಕದಲ್ಲಿ ಸಿಹಿ ತಿನ್ನುವ ಹುಡುಗಿಯರ ಫೋಟೊ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿರುವ ನನಗೆ ಅದನ್ನು ನೋಡಿದರೆ ಖುಷಿಯೇ. ಆ ಫೋಟೊದಲ್ಲಿ ಇಲ್ಲದವರನ್ನು ಯಾರೂ ವಿಚಾರಿಸುವುದಿಲ್ಲ ಎಂಬುದೇ ಸಿಟ್ಟು.

2023ರಲ್ಲಿ ಬಾಲಕಿಯರ ಫಲಿತಾಂಶ ಶೇ 87.87, ಬಾಲಕರದು ಶೇ 80.08. ಮರುವರ್ಷ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹುಡುಗಿಯರು ಶೇ 81.11ಕ್ಕೆ ಇಳಿದರು, ಹುಡುಗರು ಶೇ 65.90ಕ್ಕೆ ಬಿದ್ದರು. ಅದೂ ಕೃಪಾಂಕ ಹೆಚ್ಚಿಸಿದ ಮೇಲೆ! ಎಂಟಕ್ಕೂ ಕಡಿಮೆ ಇದ್ದ ಅಂತರ ಹದಿನೈದು ದಾಟಿತು. ಕಿಟಕಿಯಿಂದ ಬರುತ್ತಿದ್ದ ಚೀಟಿ ಹೆಚ್ಚಾಗಿ ಯಾರ ಕೈ ಸೇರುತ್ತಿತ್ತು ಎಂದು ಬಿಡಿಸಿ ಹೇಳಬೇಕೆ?

ಮೊಬೈಲ್ ಹುಚ್ಚು ಎನ್ನುತ್ತಾರೆ. ಇರಬಹುದು, ಹುಡುಗಿಯರೇನು ರೀಲ್ಸ್ ನೋಡುವುದಿಲ್ಲವೇ? ನನಗೆ ಕಾಣುವುದು ಬೇರೆ. ಪೋಷಕರ ಸಭೆಗೆ ಬಂದ ತಾಯಿಯೊಬ್ಬರು, ‘ಗಂಡು ಹುಡುಗ ಮೇಷ್ಟ್ರೇ, ಎಲ್ಲಾದರೂ ಬದುಕಿಕೊಳ್ಳುತ್ತಾನೆ’ ಎಂದು ನಕ್ಕರು. ಅದೇ ಮನೆಯಲ್ಲಿ ಒಂಬತ್ತನೆಯ ತರಗತಿಯ ಮಗಳಿಗೆ, ‘ಫೇಲಾದರೆ ಗಂಡು ನೋಡುತ್ತೇವೆ’ ಎಂಬ ಬೆದರಿಕೆ. ಅವಳು ಪಾತ್ರೆ ತೊಳೆದಿಟ್ಟು ಓದಲು ಕೂರುತ್ತಾಳೆ. ಇವನನ್ನು ಕೂರು ಎನ್ನುವವರೇ ಇಲ್ಲ. ಹುಡುಗರನ್ನೂ ಹೀಗೇ ಹೆದರಿಸಿ ಎನ್ನುತ್ತಿಲ್ಲ, ಆ ಬೆದರಿಕೆ ಹೇಸಿಗೆಯದು. ಆದರೆ ಯಾರೂ ಏನೂ ಕೇಳದಿರುವುದನ್ನು ಮುದ್ದು ಎಂದು ಕರೆಯಬೇಡಿ.

ಆ ಹುಡುಗ ಗಣಿತದಲ್ಲಿ ದಡ್ಡನಲ್ಲ. ‘ಆಯತಾಕಾರದ ಹೊಲದ ಉದ್ದವು ಅಗಲಕ್ಕಿಂತ...’ ಎಂಬ ಲೆಕ್ಕವನ್ನು ನಾನು ಓದಿ ಹೇಳಿದರೆ ಚಿತ್ರ ಬರೆದು, ಸಮೀಕರಣ ಮಾಡಿ, ಬಿಡಿಸಿಬಿಡುತ್ತಾನೆ. ತಾನೇ ಓದಬೇಕಾದಾಗ ‘ಆಯ’ದ ಹತ್ತಿರವೇ ನಿಲ್ಲುತ್ತಾನೆ. ಕನ್ನಡ ಓದಲು ಬಾರದೆ ಗಣಿತದಲ್ಲಿ ಫೇಲು! ಹತ್ತನೆಯ ತರಗತಿಗೆ ಬರುವವರೆಗೆ ಯಾರಿಗೂ ಗೊತ್ತಾಗಲಿಲ್ಲವೇ ಎಂದು ಪ್ರಾಥಮಿಕ ಶಾಲೆಯವರ ಮೇಲೆ ಹರಿಹಾಯುವುದು ಸುಲಭ. ಬಿಸಿಯೂಟದ ಸಿಲಿಂಡರ್ ಇಳಿಸಲು, ಬೆಂಚು ಸಾಗಿಸಲು, ಅತಿಥಿಗಳು ಬಂದರೆ ಬಿಸ್ಕತ್ತು ತರಲು ಪಾಠದ ನಡುವೆ ಎಬ್ಬಿಸಿ ಕಳುಹಿಸಿದ್ದು ಯಾರನ್ನು? ಹಿಂದಿನ ಬೆಂಚಿನ ಗಟ್ಟಿಮುಟ್ಟಾದ ಹುಡುಗರನ್ನೇ. ನಾನೂ ಕಳುಹಿಸಿದ್ದೇನೆ. ‘ಬಹಳ ಚುರುಕು’ ಎಂದು ಬೆನ್ನು ತಟ್ಟಿದ್ದೇನೆ. ಓದಲು ಬಾರದವನಿಗೆ ತರಗತಿಯಿಂದ ಹೊರಗಿರುವುದಕ್ಕಿಂತ ದೊಡ್ಡ ಬಹುಮಾನ ಇನ್ನೇನಿದೆ? ಅವನು ಅಡಗಿಕೊಳ್ಳಲು ಜಾಗ ಮಾಡಿಕೊಟ್ಟವರೇ ನಾವು.

ಮೊದಲ ಪರೀಕ್ಷೆಯಲ್ಲಿ ಅವನು ಮೂರು ವಿಷಯಗಳಲ್ಲಿ ಹೋದ. ಈಗ ಶಾಮಿಯಾನ ಹಾಕುವ ಕೆಲಸಕ್ಕೆ ಹೋಗುತ್ತಿದ್ದಾನೆ. ಮದುವೆ ಮನೆಯೊಂದರಲ್ಲಿ ಸಿಕ್ಕಿದಾಗ ಪರೀಕ್ಷೆ-2 ಕಟ್ಟು ಎಂದೆ. ‘ಅರ್ಜಿ ತುಂಬುವುದು ಯಾರು ಸರ್?’ ಎಂದ.

ಕೊನೆಗೆ ತುಂಬಿದ್ದು ಅವನ ತಂಗಿ. ಸಹಿಯ ಜಾಗವನ್ನಷ್ಟೇ ಅವನಿಗೆ ಬೆರಳಿಟ್ಟು ತೋರಿಸಿದಳು.